ಠಾಣೆಯಲ್ಲಿರುವ ಲ್ಯಾಪ್‌ಟಾಪ್ ತಾನಾಗಿ ವಾಪಸ್ ಬರುವುದಿಲ್ಲ, ಅರ್ಜಿ ಹಾಕಿ

ತನಿಖೆ ಮುಗಿಯುವವರೆಗೆ ಕಾಯುವುದೋ, ಹೈಕೋರ್ಟಿಗೆ ರಿಟ್ ಹಾಕುವುದೋ ಅಂತ ಕೇಳಿದ್ದೀರಿ. ಎರಡೂ ಬೇಡ. ನಿಮ್ಮ ಪ್ಲಾಟ್‌ಫಾರ್ಮ್ ಬಳಸಿದ ವ್ಯಾಪಾರಿಯೊಬ್ಬ ಜನರಿಗೆ ಮೋಸ ಮಾಡಿದ, ಪೊಲೀಸರು ನಿಮ್ಮ ಆಫೀಸಿನ ಲ್ಯಾಪ್‌ಟಾಪ್‌ಗಳನ್ನೂ ಒಂದು ಸರ್ವರನ್ನೂ ಜಪ್ತಿ ಮಾಡಿದರು, ‘ನಾವು ಆರೋಪಿಗಳೇ ಅಲ್ಲವಲ್ಲ, ಕೊಟ್ಟೇ ಕೊಡುತ್ತಾರೆ’ ಎಂದು ನೀವು ನಂಬಿ ಕೂತಿದ್ದೀರಿ. ನಮ್ಮ ಕಂಪನಿಯಲ್ಲೂ ಇದೇ ಆಗಿತ್ತು. ವಸ್ತು ಯಾರದು, ಅವರು ಆರೋಪಿಯೋ ಅಲ್ಲವೋ ಎಂಬುದು ಇಲ್ಲಿ ಮುಖ್ಯವಾಗುವುದೇ ಇಲ್ಲ. ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 106ರ ಪ್ರಕಾರ ಅಪರಾಧದ ಅನುಮಾನ ಹುಟ್ಟಿಸುವ ಸಂದರ್ಭದಲ್ಲಿ ಸಿಕ್ಕ ಯಾವ ವಸ್ತುವನ್ನಾದರೂ ಜಪ್ತಿ ಮಾಡಬಹುದು. ಕೇಳದೆ ಯಾರೂ ವಾಪಸ್ ಕೊಡುವುದಿಲ್ಲ.

ಮೊದಲು ನಿಮ್ಮ ಮಹಜರು, ಅಂದರೆ ಜಪ್ತಿಯ ಹೊತ್ತಿಗೆ ಪೊಲೀಸರು ಬರೆದ ದಾಖಲೆ, ತೆಗೆದು ಓದಿ. ನಮಗೆ ಪೆಟ್ಟು ಬಿದ್ದದ್ದು ಅಲ್ಲಿಯೇ. ನಾವು ಸಹಿ ಹಾಕಿದ ಮಹಜರಿನಲ್ಲಿ ‘ಕಪ್ಪು ಬಣ್ಣದ ಲ್ಯಾಪ್‌ಟಾಪ್, ಚಾರ್ಜರ್ ಸಹಿತ’ ಎಂದಷ್ಟೇ ಇತ್ತು. ಇದರಲ್ಲಿ ಏನು ತಪ್ಪು ಅನ್ನಿಸಬಹುದು. ಬಿಡಿಸಿ ಹೇಳುತ್ತೇನೆ. ಲ್ಯಾಪ್‌ಟಾಪ್ ನಿಮ್ಮದು ಎನ್ನಲು ನಿಮ್ಮ ಬಳಿ ಇರುವುದು ಇನ್‌ವಾಯ್ಸ್. ಇನ್‌ವಾಯ್ಸ್‌ನಲ್ಲಿ ಇರುವುದು ಸೀರಿಯಲ್ ನಂಬರ್. ಮಹಜರಿನಲ್ಲಿ ಸೀರಿಯಲ್ ನಂಬರೇ ಇಲ್ಲದಿದ್ದರೆ ಎರಡನ್ನೂ ಜೋಡಿಸುವ ಕೊಂಡಿಯೇ ಇಲ್ಲ. ಇನ್ನು ಎಫ್‌ಎಸ್‌ಎಲ್‌ನವರು (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ಬರೆಯುವಾಗ ಒಳಗಿನ ಎಸ್‌ಎಸ್‌ಡಿಯ, ಅಂದರೆ ಡೇಟಾ ಇರುವ ಡಿಸ್ಕಿನ, ಸೀರಿಯಲ್ ನಂಬರ್ ಹಾಕುತ್ತಾರೆ, ಅದು ಇನ್‌ವಾಯ್ಸ್‌ನಲ್ಲೂ ಇರುವುದಿಲ್ಲ, ಮಹಜರಿನಲ್ಲೂ ಇರುವುದಿಲ್ಲ. ಒಂದೇ ವಸ್ತುವಿಗೆ ಮೂರು ದಾಖಲೆ, ಒಂದಕ್ಕೊಂದು ಹೊಂದುವುದಿಲ್ಲ. ‘ಅರ್ಜಿದಾರರು ಕೇಳುತ್ತಿರುವ ವಸ್ತು ಯಾವುದೆಂದು ಗುರುತಿಲ್ಲ’ ಎಂದು ಎಪಿಪಿ (ಸಹಾಯಕ ಸರ್ಕಾರಿ ಅಭಿಯೋಜಕರು) ಒಂದು ಸಾಲಿನ ಆಕ್ಷೇಪಣೆ ಹಾಕಿದರೆ ಅರ್ಜಿ ಮುಂದಕ್ಕೆ ಹೋಗುತ್ತಲೇ ಇರುತ್ತದೆ. ಅಷ್ಟೇ ಅಲ್ಲ, ಜಪ್ತಿಯ ಹೊತ್ತಿಗೆ ಹ್ಯಾಶ್ ವ್ಯಾಲ್ಯೂ (ಡೇಟಾ ಸ್ವಲ್ಪ ಬದಲಾದರೂ ತಾನೂ ಬದಲಾಗುವ, ಡೇಟಾದ ಬೆರಳಚ್ಚಿನಂಥ ಸಂಖ್ಯೆ) ತೆಗೆದಿಲ್ಲವಾದರೆ ಆಮೇಲೆ ಅದರಲ್ಲಿ ಸಿಕ್ಕ ಫೈಲು ಮೊದಲೇ ಇತ್ತೋ, ನಂತರ ಬಂತೋ ಎಂದು ಹೇಳುವ ಆಧಾರವೂ ನಿಮಗಿರುವುದಿಲ್ಲ. ಮಹಜರಿನಲ್ಲಿ ಪ್ರತಿ ಯಂತ್ರಕ್ಕೂ ಕಂಪನಿ, ಮಾಡೆಲ್, ಸೀರಿಯಲ್ ನಂಬರ್, ಡಿಸ್ಕಿನ ಗಾತ್ರ, ಆಗ ಅದು ಆನ್ ಇತ್ತೋ ಆಫ್ ಇತ್ತೋ, ಸೀಲ್ ಯಾವುದು, ಇಷ್ಟು ಇರಲೇಬೇಕು. ಇಲ್ಲದಿದ್ದರೆ ಸಹಿಯ ಪಕ್ಕದಲ್ಲೇ ‘ಸೀರಿಯಲ್ ನಂಬರ್ ನಮೂದಿಸಿಲ್ಲ, ಹ್ಯಾಶ್ ತೆಗೆದಿಲ್ಲ’ ಎಂದು ಕೈಬರಹದಲ್ಲಿ ಬರೆಯಬೇಕು. ಸಹಿ ನಿರಾಕರಿಸಿ ಜಗಳಕ್ಕೆ ನಿಲ್ಲುವುದಕ್ಕಿಂತ ಈ ಒಂದು ಸಾಲು ಎಷ್ಟೋ ಮೇಲು.

ನೀವು ಈಗಾಗಲೇ ಸಹಿ ಹಾಕಿಬಿಟ್ಟಿದ್ದೀರಿ, ಆದರೂ ಸರಿಪಡಿಸಬಹುದು. ನಿಮ್ಮ ಅಸೆಟ್ ರಿಜಿಸ್ಟರ್, ಇನ್‌ವಾಯ್ಸ್, ಎಂಡಿಎಂ (ಕಂಪನಿಯ ಯಂತ್ರಗಳನ್ನು ದೂರದಿಂದ ನಿರ್ವಹಿಸುವ ಸಾಫ್ಟ್‌ವೇರ್) ಡ್ಯಾಶ್‌ಬೋರ್ಡ್ ಮೂರನ್ನೂ ಎದುರಿಗಿಟ್ಟುಕೊಂಡು ಒಂದು ಪಟ್ಟಿ ಮಾಡಿ: ಯಾರ ಯಂತ್ರ, ಯಾವ ಸೀರಿಯಲ್, ಕೊನೆಯ ಸಲ ಆನ್‌ಲೈನ್ ಬಂದದ್ದು ಯಾವಾಗ. ಆ ಪಟ್ಟಿಯನ್ನು ತನಿಖಾಧಿಕಾರಿಗೆ ಪತ್ರದ ಮೂಲಕ ಕೊಟ್ಟು ಠಾಣೆಯ ಸೀಲ್ ಇರುವ ಸ್ವೀಕೃತಿ ಪಡೆಯಿರಿ. ಜಪ್ತಿಯನ್ನು ಮ್ಯಾಜಿಸ್ಟ್ರೇಟರಿಗೆ ವರದಿ ಮಾಡುವಾಗ ಪಿಎಫ್ (ಪ್ರಾಪರ್ಟಿ ಫಾರ್ಮ್, ಜಪ್ತಿ ವಸ್ತುಗಳ ಪಟ್ಟಿ) ನಂಬರ್ ಬಿದ್ದಿರುತ್ತದೆ. ಕೋರ್ಟಿನಿಂದ ಪಿಎಫ್ ಮತ್ತು ಮಹಜರಿನ ದೃಢೀಕೃತ ಪ್ರತಿಗೆ ಅರ್ಜಿ ಕೊಡಿ. 2024ರ ಜುಲೈ 1ರಿಂದ ಜಾರಿಗೆ ಬಂದ ಬಿಎನ್‌ಎಸ್‌ಎಸ್ ಸೆಕ್ಷನ್ 105ರಂತೆ ಶೋಧ ಮತ್ತು ಜಪ್ತಿಯನ್ನು ವಿಡಿಯೋ ಮಾಡಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಆ ವಿಡಿಯೋವನ್ನೂ ತರಿಸಿಕೊಳ್ಳಲು ಕೋರ್ಟಿಗೆ ಕೇಳಿ. ಅದರಲ್ಲಿ ನಿಮ್ಮ ಯಂತ್ರಗಳು ಕಾಣುತ್ತವೆ, ಗುರುತಿನ ತಕರಾರು ಅಲ್ಲಿಗೆ ಸಡಿಲವಾಗುತ್ತದೆ.

ಆಮೇಲೆ ಅರ್ಜಿ. ವಸ್ತುವನ್ನು ಇನ್ನೂ ಕೋರ್ಟಿಗೆ ಹಾಜರುಪಡಿಸಿಲ್ಲ, ವರದಿ ಮಾತ್ರ ಹೋಗಿದೆ ಎಂದರೆ ಬಿಎನ್‌ಎಸ್‌ಎಸ್‌ನ ಸೆಕ್ಷನ್ 503. ಹಾಜರುಪಡಿಸಿದ್ದರೆ ಸೆಕ್ಷನ್ 497. 497ರಲ್ಲಿ ಈಗ ಗಡುವು ಇದೆ: ಹಾಜರುಪಡಿಸಿದ 14 ದಿನಗಳೊಳಗೆ ವಸ್ತುವಿನ ವಿವರಪಟ್ಟಿ ಆಗಬೇಕು, ಫೋಟೋ ತೆಗೆಸಬೇಕು, ಅದಾದ 30 ದಿನಗಳಲ್ಲಿ ವಿಲೇವಾರಿ ಆದೇಶ ಬರಬೇಕು. ಅರ್ಜಿಯಲ್ಲಿ ಸುಪ್ರೀಂ ಕೋರ್ಟಿನ 2002ರ ಸುಂದರಭಾಯಿ ಅಂಬಾಲಾಲ್ ದೇಸಾಯಿ ತೀರ್ಪನ್ನು ಹೇಳಿ. ಜಪ್ತಿ ವಸ್ತುಗಳನ್ನು 15 ದಿನದಿಂದ ಒಂದು ತಿಂಗಳಿಗಿಂತ ಹೆಚ್ಚು ಠಾಣೆಯಲ್ಲಿಡುವಂತಾಗಬಾರದು, ಬಾಂಡ್ ಬರೆಸಿಕೊಂಡು ಕೊಡಿ ಎಂದು ಅದು ಹೇಳುತ್ತದೆ. ರಿಟ್ ಹಾಕಿದರೆ ‘ಮ್ಯಾಜಿಸ್ಟ್ರೇಟ್ ಬಳಿ ದಾರಿಯಿದೆ, ಅಲ್ಲಿಗೆ ಹೋಗಿ’ ಎಂಬ ಉತ್ತರವೇ ಬರುವ ಸಾಧ್ಯತೆ ಹೆಚ್ಚು. ಆ ಫೀಸು ಉಳಿಸಿ.

ಬರೀ ‘ಲ್ಯಾಪ್‌ಟಾಪ್ ಕೊಡಿಸಿ’ ಎಂದು ಪ್ರಾರ್ಥಿಸಬೇಡಿ. ಎರಡನೇ ಪ್ರಾರ್ಥನೆ ಇದಕ್ಕಿಂತ ಮುಖ್ಯ: ಯಂತ್ರ ಬಿಡುಗಡೆ ಮಾಡಲಾಗದಿದ್ದರೆ ಅದರಲ್ಲಿನ ಡೇಟಾದ ಪ್ರತಿಯನ್ನಾದರೂ ಕೊಡಿಸಿ, ಪ್ರತಿ ತೆಗೆಯಲು ಬೇಕಾದ ಖಾಲಿ ಡಿಸ್ಕನ್ನು ನಾವೇ ತರುತ್ತೇವೆ. ಹಳೆಯ ಯಂತ್ರ ಹೋದರೂ ಕಂಪನಿ ನಡೆಯುತ್ತದೆ, ಕೋಡ್ ಮತ್ತು ಲೆಕ್ಕಪತ್ರ ಇಲ್ಲದೆ ನಡೆಯುವುದಿಲ್ಲ. ಜೊತೆಗೆ, ರೈಟ್ ಬ್ಲಾಕರ್ (ಡಿಸ್ಕಿಗೆ ಏನೂ ಬರೆಯದಂತೆ ತಡೆಯುವ ಸಾಧನ) ಬಳಸಿ ಪೂರ್ತಿ ಇಮೇಜ್, ಅಂದರೆ ಡಿಸ್ಕಿನ ಯಥಾವತ್ ಪ್ರತಿ, ತೆಗೆದು ಎಸ್‌ಎಚ್‌ಎ-256 ಹ್ಯಾಶ್ ದಾಖಲಿಸಲು ನಮ್ಮ ಒಪ್ಪಿಗೆ ಇದೆ ಎಂದೂ ಬರೆಯಿರಿ. ಎಲೆಕ್ಟ್ರಾನಿಕ್ ದಾಖಲೆಯನ್ನು ಸಾಕ್ಷ್ಯವಾಗಿ ಕೊಡುವಾಗ ಬೇಕಾಗುವ, ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63(4)ರ ಪ್ರಮಾಣಪತ್ರಕ್ಕೆ ಹ್ಯಾಶ್ ಬೇಕೇ ಬೇಕು, ಹಾಗಾಗಿ ಇದು ತನಿಖೆಗೂ ಅನುಕೂಲ. ಎಸ್‌ಎಸ್‌ಡಿ ವಿಷಯದಲ್ಲಿ ಒಂದು ಎಚ್ಚರಿಕೆ: ಕರೆಂಟ್ ಸಿಕ್ಕಿದ ಕೂಡಲೇ ಅದರ ಒಳಗಿನ ಕಂಟ್ರೋಲರ್ ಅಳಿಸಿದ ಫೈಲುಗಳ ಜಾಗವನ್ನು ತಾನೇ ಶುಚಿ ಮಾಡತೊಡಗಬಹುದು. ರೈಟ್ ಬ್ಲಾಕರ್ ಇದನ್ನು ತಡೆಯುವುದಿಲ್ಲ. ಯಾರೂ ಕೈಯಾಡಿಸದಿದ್ದರೂ ಎರಡು ಸಲ ತೆಗೆದ ಡಿಸ್ಕ್ ಹ್ಯಾಶ್ ಬೇರೆಯಾಗಬಹುದು. ಅದಕ್ಕೇ ಮೊದಲ ಇಮೇಜ್ ಫೈಲಿನ ಹ್ಯಾಶನ್ನೇ ದಾಖಲೆಯಾಗಿ ಹಿಡಿಯಬೇಕು. ಠಾಣೆಯಲ್ಲಿ ಯಾರಾದರೂ ಸುಮ್ಮನೆ ಆನ್ ಮಾಡಿ ನೋಡಿದ್ದಾರೆ ಅನ್ನಿಸಿದರೆ ಅದನ್ನೂ ಬರೆಯಿರಿ. 2021ರ ಮಾರ್ಚ್‌ನ ವೀರೇಂದ್ರ ಖನ್ನಾ ತೀರ್ಪಿನಲ್ಲಿ ಕರ್ನಾಟಕ ಹೈಕೋರ್ಟ್, ಆಫ್ ಇರುವ ಕಂಪ್ಯೂಟರನ್ನು ಆನ್ ಮಾಡಬಾರದು, ತನಿಖಾಧಿಕಾರಿ ತಾನೇ ಅದರಲ್ಲಿ ಹುಡುಕಾಡಬಾರದು ಎಂದು ಮಾರ್ಗಸೂಚಿ ಕೊಟ್ಟಿದೆ.

ಪೊಲೀಸರಲ್ಲ, ಇ.ಡಿ. (ಜಾರಿ ನಿರ್ದೇಶನಾಲಯ) ಜಪ್ತಿ ಮಾಡಿದ್ದರೆ ಈ ದಾರಿ ಅನ್ವಯಿಸುವುದಿಲ್ಲ. ಅದು ಪಿಎಂಎಲ್‌ಎ (ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ) ಅಡಿ ಅಡ್ಜುಡಿಕೇಟಿಂಗ್ ಅಥಾರಿಟಿಯ ಮುಂದೆ ಹೋಗುತ್ತದೆ, ವಕೀಲರೂ ಬೇರೆಯವರು ಬೇಕು.

ಈ ನಡುವೆ ಆಫೀಸಿನಲ್ಲಿ ಮಾಡಬೇಕಾದ್ದು. ಪ್ರೊಡಕ್ಷನ್ ಕೀಗಳನ್ನೆಲ್ಲ (ನಿಮ್ಮ ಚಾಲ್ತಿ ಸಿಸ್ಟಮ್‌ಗಳ ಒಳಹೋಗುವ ರಹಸ್ಯ ಕೀಗಳು) ಬದಲಿಸಿ, ಯಾವುದನ್ನು ಯಾವಾಗ ಏಕೆ ಬದಲಿಸಿದಿರಿ ಎಂದು ಬರೆದಿಡಿ, ತನಿಖಾಧಿಕಾರಿಗೂ ತಿಳಿಸಿ. ಏನನ್ನೂ ಅಳಿಸಬೇಡಿ. ಸಾಕ್ಷ್ಯ ಸಿಗದಂತೆ ಎಲೆಕ್ಟ್ರಾನಿಕ್ ದಾಖಲೆ ನಾಶ ಮಾಡುವುದು ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) ಸೆಕ್ಷನ್ 241ರ ಅಪರಾಧ. ಸಾಕ್ಷಿಯ ಜಾಗದಲ್ಲಿದ್ದ ನೀವು ಆರೋಪಿಯ ಜಾಗಕ್ಕೆ ಹೋಗುತ್ತೀರಿ. ಎಂಡಿಎಂನಲ್ಲಿ ‘ಇಷ್ಟು ದಿನ ಸಂಪರ್ಕ ತಪ್ಪಿದರೆ ವೈಪ್ (ಡೇಟಾ ಪೂರ್ತಿ ಅಳಿಸು)’ ಎಂಬ ನಿಯಮ ಇದ್ದರೆ ಇವತ್ತೇ ನಿಲ್ಲಿಸಿ. ಎಷ್ಟೋ ಕಂಪನಿಗಳಲ್ಲಿ ಸೆಕ್ಯುರಿಟಿ ಆಡಿಟ್‌ಗೆಂದು ಹಾಕಿ ಮರೆತಿರುತ್ತಾರೆ. ಕ್ಲೌಡ್ ಲಾಗ್‌ಗಳನ್ನು ಇಳಿಸಿಟ್ಟುಕೊಳ್ಳಿ, ಅಮೆಜಾನ್ ಕ್ಲೌಡ್ (ಎಡಬ್ಲ್ಯುಎಸ್) ಬಳಸುತ್ತಿದ್ದರೆ ಅದರ ಕ್ಲೌಡ್‌ಟ್ರೇಲ್ ಲಾಗಿನ ಇವೆಂಟ್ ಹಿಸ್ಟರಿ 90 ದಿನದ್ದಷ್ಟೇ ಸಿಗುತ್ತದೆ. ವಿಂಡೋಸ್‌ನ ಡಿಸ್ಕ್ ಬೀಗವಾದ ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀಗಳನ್ನು ಒಂದೆಡೆ ಸೇರಿಸಿ. ಪಾಸ್‌ವರ್ಡ್ ಕೇಳಿದರೆ ಬರಹದಲ್ಲಿ ಕೇಳಿ ಎನ್ನಿ, ವಕೀಲರ ಸಲಹೆ ಪಡೆದು ಬರಹದಲ್ಲೇ ಉತ್ತರಿಸಿ. ಲ್ಯಾಪ್‌ಟಾಪ್ ಬ್ಯಾಗಿನ ಜೊತೆ ನಿರ್ದೇಶಕರ ಡಿಜಿಟಲ್ ಸಿಗ್ನೇಚರ್ ಡಾಂಗಲ್ (ಆನ್‌ಲೈನ್ ಸಹಿಗೆ ಬಳಸುವ ಯುಎಸ್‌ಬಿ ಸಾಧನ) ಹೋಗಿದೆಯೇ ನೋಡಿ. ಹೋಗಿದ್ದರೆ ಹಳೆಯದನ್ನು ರದ್ದು ಮಾಡಿಸಿ ಹೊಸದು ಮಾಡಿಸಿಕೊಳ್ಳಿ. ಜಿಎಸ್‌ಟಿ, ಟಿಡಿಎಸ್ ದಿನಾಂಕಗಳು ನಿಮ್ಮ ಕೇಸಿಗಾಗಿ ಕಾಯುವುದಿಲ್ಲ.

ಆದೇಶ ಬಂದ ಮೇಲೆ ಬಾಂಡ್, ಜಾಮೀನುದಾರರು, ‘ಮಾರಬಾರದು, ಬದಲಿಸಬಾರದು, ಕೇಳಿದಾಗ ಹಾಜರುಪಡಿಸಬೇಕು’ ಎಂಬ ಷರತ್ತುಗಳು ಇರುತ್ತವೆ. ತರಲು ಹೋಗುವಾಗ ನಿಮ್ಮ ಸಿಸ್ಟಮ್ ಅಡ್ಮಿನ್ ಜೊತೆಗಿರಲಿ. ಸೀಲ್ ಒಡೆಯುವ ಮುನ್ನ ಫೋಟೋ, ಬ್ಯಾಟರಿ ಉಬ್ಬಿದೆಯೇ ಎಂದು ಪರೀಕ್ಷೆ, ಸೀರಿಯಲ್ ನಂಬರಿನ ತಾಳೆ, ಎಲ್ಲವೂ ಸ್ವೀಕೃತಿಯಲ್ಲಿ ಬರಲಿ. ಆಫೀಸಿಗೆ ತಂದ ಕೂಡಲೇ ವೈಫೈಗೆ ಜೋಡಿಸಬೇಡಿ. ಹಿಂದೆ ಯಾರಾದರೂ ಗಾಬರಿಯಲ್ಲಿ ಎಂಡಿಎಂನಿಂದ ವೈಪ್ ಆಜ್ಞೆ ಕಳಿಸಿದ್ದರೆ ಅದು ಇನ್ನೂ ಸರದಿಯಲ್ಲಿ ಕಾಯುತ್ತಿರಬಹುದು, ನೆಟ್ ಸಿಕ್ಕಿದೊಡನೆ ಜಾರಿಯಾಗುತ್ತದೆ. ಮೊದಲು ಡ್ಯಾಶ್‌ಬೋರ್ಡಿನಲ್ಲಿ ಆ ಆಜ್ಞೆ ರದ್ದು ಮಾಡಿ. ಆಮೇಲೂ ಆ ಯಂತ್ರವನ್ನು ದಿನದ ಕೆಲಸಕ್ಕೆ ಹಚ್ಚಬೇಡಿ. ಬೇಕಾದ ಡೇಟಾ ಪ್ರತಿ ಮಾಡಿಕೊಂಡು, ಕೇಸು ಮುಗಿಯುವವರೆಗೆ ಕವರಿನಲ್ಲಿ ಹಾಕಿ ಬೀಗದಲ್ಲಿಡಿ.