ಕೆಲಸ ಹೋಗಿದೆ, ಪ್ರೊಬೇಷನ್ ಫೀಸಿಗೆ ಸಾಲ ಮಾಡಲಾ?

ಟೆಕ್ಸಾಸ್‌ನಲ್ಲಿ ಕುಡಿದು ಕಾರು ಓಡಿಸಿದ ಕೇಸು, ಜೈಲಿನ ಬದಲು ಪ್ರೊಬೇಷನ್ (ಆಫೀಸರ್ ಮುಂದೆ ಆಗಾಗ ಹಾಜರಾಗುತ್ತಾ, ಅವರ ನಿಗಾದಲ್ಲಿ ಹೊರಗಿರೋದು), ಅದಕ್ಕೆ ತಿಂಗಳಿಗೆ 60 ಡಾಲರ್ ಫೀಸು, ಸಾಲ ಮಾಡಲಾ ಕ್ರೆಡಿಟ್ ಕಾರ್ಡ್ ಉಜ್ಜಲಾ ಅಂತ ಕೇಳಿದ್ದೀರಿ. ಎರಡೂ ಬೇಡ.

ನನ್ನದೂ ಅದೇ ಕೇಸು, ಅದೇ ರಾಜ್ಯ. ಐದನೇ ತಿಂಗಳಿಗೆ ಕೆಲಸ ಹೋಯಿತು. ಫೀಸು ಒಂದೇ ಅಲ್ಲವಲ್ಲ, ಊದಿದರೆ ಮಾತ್ರ ಕಾರು ಸ್ಟಾರ್ಟ್ ಆಗುವ ಯಂತ್ರಕ್ಕೆ ಬಾಡಿಗೆ, ಮೂತ್ರ ಪರೀಕ್ಷೆಗೆ ದುಡ್ಡು, ಕ್ಲಾಸಿಗೆ ದುಡ್ಡು. ಫೋನಲ್ಲಿ ಅಮ್ಮನಿಗೆ ಹೇಳಿದರೆ "ಶಿಕ್ಷೆ ಕೊಟ್ಟೋರೇ ದುಡ್ಡೂ ಕೇಳ್ತಾರೇನೋ?" ಅಂದಳು.

ಆ ತಿಂಗಳು ಖಾತೆಯಲ್ಲಿ 41 ಡಾಲರ್ ಇತ್ತು. ಬರಿಗೈಲಿ ಆಫೀಸರ್ ಮುಂದೆ ಹೇಗೆ ಕೂರೋದು ಅಂತ ನಾಚಿಕೆ. ಪಾರ್ಕಿಂಗ್‌ನಲ್ಲಿ ಅರ್ಧ ಗಂಟೆ ಕೂತು, ಮುಂದಿನ ತಿಂಗಳು ಎರಡೂ ಸೇರಿಸಿ ಕಟ್ಟಿದರಾಯಿತು ಅಂದುಕೊಂಡು ವಾಪಸ್ ಬಂದುಬಿಟ್ಟೆ. ಊರಲ್ಲೂ ಹಾಗೇ ಅಲ್ವಾ, ಅಂಗಡಿ ಸಾಲ ತೀರಿಸೋಕೆ ಆಗದಿದ್ದರೆ ಬೇರೆ ಬೀದಿ ಹಿಡಿಯೋದು.

ಕೆಟ್ಟಿದ್ದೇ ಅಲ್ಲಿ. ಫೀಸು ಕಟ್ಟದಿರೋದು ಬೇರೆ, ಹಾಜರಾಗದಿರೋದು ಬೇರೆ. ನಾನು ಎರಡನ್ನೂ ಒಂದೇ ಗಂಟು ಕಟ್ಟಿದ್ದೆ. ಬರೀ ಫೀಸು ಬಾಕಿ ಇದ್ದರೆ, ದುಡ್ಡಿದ್ದೂ ಬೇಕಂತಲೇ ಕಟ್ಟಲಿಲ್ಲ ಅಂತ ಸರ್ಕಾರದ ವಕೀಲರು ತೋರಿಸಬೇಕು. ದಂಡ ಕಟ್ಟಲಾಗದವನನ್ನು, ಯಾಕೆ ಕಟ್ಟಲಿಲ್ಲ ಅಂತ ವಿಚಾರಿಸದೆ ಜೈಲಿಗೆ ಹಾಕುವಂತಿಲ್ಲ ಅಂತ ಅಮೆರಿಕದ ಸುಪ್ರೀಂ ಕೋರ್ಟ್ 1983ರಲ್ಲೇ ಬಿಯರ್ಡನ್ ಕೇಸಿನಲ್ಲಿ ಹೇಳಿದೆ. ಆದರೆ ಹಾಜರಿ ತಪ್ಪಿಸಿದವನಿಗೆ ಯಾವ ನೆಪವೂ ಇಲ್ಲ. ಬರೋಕೆ ದುಡ್ಡು ಬೇಕಿರಲಿಲ್ಲವಲ್ಲ! ಎರಡು ಸಲ ತಪ್ಪಿಸಿದೆ, ವಾರಂಟ್ ಬಂತು. ಒಂದು ರಾತ್ರಿ ಲಾಕಪ್. ಜಾಮೀನು, ವಕೀಲರು ಸೇರಿ 2,800 ಡಾಲರ್, ಅದೂ ಭಾವನ ಹತ್ತಿರ ಸಾಲ. ಬಾಕಿ ಇದ್ದಿದ್ದು 120.

ಹಾಗಾಗಿ ಸಾಲದ ಪ್ರಶ್ನೆಯೇ ತಪ್ಪು ಅಂತೀನಿ. ಟೆಕ್ಸಾಸ್‌ನಲ್ಲಿ ಈ ಫೀಸು 25ರಿಂದ 60 ಡಾಲರ್, ತೀರಾ ಕಷ್ಟ ಇದ್ದರೆ ಜಡ್ಜ್ ಕಡಿಮೆ ಮಾಡಬಹುದು, ಮನ್ನಾನೂ ಮಾಡಬಹುದು. ಕೇಳದಿದ್ದರೆ ಯಾರೂ ತಾವಾಗಿ ಮಾಡಲ್ಲ. ಕ್ಯಾಲಿಫೋರ್ನಿಯಾ 2021ರಲ್ಲಿ ಇಂಥ ಫೀಸನ್ನೇ ತೆಗೆದುಹಾಕಿತು, ಆದರೆ ನಿಮ್ಮ ಕೇಸು ಅಲ್ಲಿಲ್ಲವಲ್ಲ. ಕೆಲಸ ಹೋದ ಪತ್ರ, ಬ್ಯಾಂಕ್ ಸ್ಟೇಟ್‌ಮೆಂಟ್, ಮನೆ ಬಾಡಿಗೆ ರಸೀದಿ ಹಿಡಿದು ಹೇಳಿದ ದಿನವೇ ಹೋಗಿ. ಹತ್ತು ಡಾಲರ್ ಇದ್ದರೆ ಅದನ್ನೇ ಕಟ್ಟಿ ರಸೀದಿ ತಗೊಳ್ಳಿ.

ಆಮೇಲೆ ನನ್ನ ವಕೀಲರು ಒಂದು ಪುಟದ ಅರ್ಜಿ ಹಾಕಿದರು, ಫೀಸು 25ಕ್ಕೆ ಇಳಿಯಿತು. ಆಫೀಸರಮ್ಮ ನನ್ನ ಫೈಲ್ ತಿರುವುತ್ತಾ ಕೇಳಿದ್ದು ಇಷ್ಟೇ: "ಆವತ್ತು ಪಾರ್ಕಿಂಗ್‌ವರೆಗೂ ಬಂದಿದ್ರಲ್ಲ, ಒಳಗೆ ಯಾಕೆ ಬರಲಿಲ್ಲ?"