ಗಾಡಿ ಮಾತು: ಹದಿನಾರರ ಹುಡುಗನಿಗೆ 1966ರ ಪಿಕಪ್

ಡೆಟ್ರಾಯಿಟ್ ಕಡೆ ಕಾರುಗಳ ಬ್ರೇಕ್ ಪರೀಕ್ಷೆ ಮಾಡುತ್ತಾ ನಿವೃತ್ತರಾದ ನಮ್ಮ ಅಂಕಣಕಾರರು ಓದುಗರ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ.

ಪ್ರಶ್ನೆ: ನಮಸ್ಕಾರ ಸರ್. ನಾವು ಮಿಶಿಗನ್‌ನ ಟ್ರಾಯ್‌ನಲ್ಲಿದ್ದೇವೆ. ಮಗನಿಗೆ ಬರುವ ಬೇಸಿಗೆಗೆ 16 ತುಂಬುತ್ತದೆ. ಪಕ್ಕದ ಬೀದಿಯ ಅಜ್ಜ ಒಬ್ಬರು ತಮ್ಮ 1966ರ ಫೋರ್ಡ್ ಎಫ್-100 ಪಿಕಪ್ಪನ್ನು 2,500 ಡಾಲರಿಗೆ ಕೊಡುತ್ತೇನೆ ಅಂದಿದ್ದಾರೆ. ಆರು ಸಿಲಿಂಡರ್ ಎಂಜಿನ್, ಸ್ಟೇರಿಂಗ್ ಪಕ್ಕದಲ್ಲೇ ಗೇರು. ಎಷ್ಟೋ ವರ್ಷದಿಂದ ಶೆಡ್ಡಿನಲ್ಲಿ ನಿಂತಿದೆ. ಅದನ್ನೇ ರಿಪೇರಿ ಮಾಡಿ ಓಡಿಸುತ್ತೇನೆ ಅಂತ ಮಗನ ಹಟ. ನಮ್ಮ ಯಜಮಾನರು 'ಆ ಗುಜರಿ ಯಾಕೆ, ಸೆಕೆಂಡ್ ಹ್ಯಾಂಡ್ ಕೊರೊಲಾ ಕೊಡಿಸೋಣ' ಅಂತಾರೆ. ಇಬ್ಬರ ಮಧ್ಯೆ ನಾನು. ಏನು ಮಾಡಲಿ?

ಉತ್ತರ: ನೋಡೀಮ್ಮಾ, ಮೊದಲು ಎಂಜಿನ್ ಚಿಂತೆ ಬಿಡಿ. ಫೋರ್ಡಿನ ಆ ಕಾಲದ ದೊಡ್ಡ ಆರು ಸಿಲಿಂಡರ್ ಎಂಜಿನ್ ಸುಲಭಕ್ಕೆ ಸಾಯುವ ಜಾತಿಯಲ್ಲ. 1965ರಲ್ಲಿ ಬಂದ 300 ಘನ ಇಂಚಿನ ಎಂಜಿನನ್ನು 1996ರ ತನಕ ತಯಾರಿಸಿದರು. ಅದರ ತಮ್ಮ 240 ಕೂಡ ಅದೇ ಮನೆತನ. ಪಾರ್ಟ್ಸ್‌ಗೆ ತೊಂದರೆ ಇಲ್ಲ. ಇಷ್ಟು ವರ್ಷ ಬ್ರೇಕ್ ಜೊತೆ ಕಳೆದವನು ನಾನು, ಹಾಗಾಗಿ ಕೇಳುವುದು ಒಂದೇ: ಗಾಡಿ ನಿಲ್ಲುತ್ತದಾ?

ನಿಮ್ಮ ಅಜ್ಜನ ಗಾಡಿಗೆ ನಾಲ್ಕೂ ಕಡೆ ಡ್ರಮ್ ಬ್ರೇಕ್. ಪೆಡಲ್ ತುಳಿದಾಗ ಬ್ರೇಕ್ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಮಾಸ್ಟರ್ ಸಿಲಿಂಡರಿನಲ್ಲಿ ನಾಲ್ಕಕ್ಕೂ ಸೇರಿ ಇರುವುದು ಒಂದೇ ಕೋಣೆ. ಎಲ್ಲೋ ಒಂದು ಕಡೆ ಪೈಪು ತುಕ್ಕು ಹಿಡಿದು ಒಡೆದರೆ ಆಯಿಲ್ ಪೂರ್ತಿ ಅಲ್ಲೇ ಸೋರುತ್ತದೆ, ಪೆಡಲ್ ಸೀದಾ ನೆಲಕ್ಕೆ ಹೋಗುತ್ತದೆ, ಒಂದು ಚಕ್ರವೂ ಹಿಡಿಯುವುದಿಲ್ಲ. ಮರುವರ್ಷ, ಅಂದರೆ 1967ರ ಮಾಡೆಲ್‌ನಿಂದ, ಎರಡು ಕೋಣೆಯ ಸಿಲಿಂಡರ್ ಬಂತು. ಹಿಂದಿನ ಬ್ರೇಕ್ ಹೋದರೂ ಮುಂದಿನದು ಉಳಿಯುತ್ತದೆ. ಅಂಥ ಸಿಲಿಂಡರನ್ನು 1966ರ ಗಾಡಿಗೂ ಕೂರಿಸಬಹುದು, ಬಹಳ ಜನ ಕೂರಿಸಿಕೊಂಡಿದ್ದಾರೆ. ಇದು ಮಾಡದೆ ಹುಡುಗ ಆ ಗಾಡಿಯನ್ನು ಗೇಟಿನಿಂದ ಆಚೆ ತೆಗೆಯಕೂಡದು. ಈ ಮಾತಿನಲ್ಲಿ ರಾಜಿ ಇಲ್ಲ.

ಇನ್ನೆರಡು ವಿಷಯ ಇದೆ. ಪೆಟ್ರೋಲ್ ಟ್ಯಾಂಕ್ ಕ್ಯಾಬಿನ್ ಒಳಗೇ, ಸೀಟಿನ ಬೆನ್ನ ಹಿಂದೆ ಇರುತ್ತದೆ. ಅದನ್ನು ತೆಗೆದು ಹಿಂದಿನ ಡಬ್ಬಿಯ ಕೆಳಗೆ, ಚಾಸಿಯ ಎರಡು ಪಟ್ಟಿಗಳ ಮಧ್ಯೆ ಹಾಕುವ ಕಿಟ್ ಸಿಗುತ್ತದೆ. ಆಮೇಲೆ ಸೀಟ್ ಬೆಲ್ಟ್. ಇದ್ದರೆ ಸೊಂಟಕ್ಕೆ ಮಾತ್ರ ಇರುತ್ತದೆ, ಹೆಗಲ ಮೇಲಿನದು ಇಲ್ಲ. ಸ್ಟೇರಿಂಗ್ ರಾಡೋ, ಗುದ್ದಿದರೆ ಕುಗ್ಗುವಂಥದ್ದಲ್ಲ, ನೇರ ಎದೆಗೆ ಬರುತ್ತದೆ. ಆದ್ದರಿಂದ ಮೂರು ಕಡೆ ಬಿಗಿಯುವ ಬೆಲ್ಟ್ ಹಾಕಿಸಲೇಬೇಕು. ಬೆಲ್ಟಿನ ಬೋಲ್ಟ್ ಕೂರುವ ಜಾಗಕ್ಕೆ ದಪ್ಪ ತಗಡು ಕೊಟ್ಟು ವೆಲ್ಡ್ ಮಾಡುವ ಕೆಲಸವನ್ನು ಮಾತ್ರ ಮಗನಿಗೆ ಬಿಡಬೇಡಿ, ಬಲ್ಲವರ ಹತ್ತಿರ ಮಾಡಿಸಿ. ಇಷ್ಟೆಲ್ಲ ಮಾಡಿದರೂ ಏರ್‌ಬ್ಯಾಗ್ ಬರುವುದಿಲ್ಲ, ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಬರುವುದಿಲ್ಲ. ಯಜಮಾನರ ವಾದದಲ್ಲಿ ಸತ್ವ ಇರುವುದು ಇಲ್ಲಿ. ಅದನ್ನು ತಳ್ಳಿಹಾಕಬೇಡಿ.

ದುಡ್ಡು ಕೊಡುವ ಮುಂಚೆ ಒಂದು ಸ್ಕ್ರೂಡ್ರೈವರ್, ಒಂದು ಟಾರ್ಚ್ ಹಿಡಿದು ಹೋಗಿ. ಹೊರಗಿನ ಬಣ್ಣ ನೋಡಬೇಡಿ. ಬಾಗಿಲು ತೆಗೆದು ಕಾಲಿಡುವ ಜಾಗದ ಮ್ಯಾಟ್ ಎತ್ತಿ, ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ. ಕ್ಯಾಬಿನ್ನಿನ ಹಿಂದಿನ ಕೆಳ ಮೂಲೆಗಳನ್ನು ಒತ್ತಿ. ಕೆಳಗೆ ಬಗ್ಗಿ ಕ್ಯಾಬಿನ್ ಚಾಸಿಯ ಮೇಲೆ ಕೂರುವ ಜಾಗ ನೋಡಿ. ತಗಡು ಟಣ್ ಅಂದರೆ ಪರವಾಗಿಲ್ಲ. ಹಪ್ಪಳದ ಹಾಗೆ ಪುಡಿಯಾದರೆ ನಮಸ್ಕಾರ ಹೇಳಿ ಬನ್ನಿ. ನಮ್ಮ ಮಿಶಿಗನ್‌ನಲ್ಲಿ ಚಳಿಗಾಲಕ್ಕೆ ರೋಡಿಗೆ ಉಪ್ಪು ಸುರಿಯುತ್ತಾರಲ್ಲ, ಹಳೇ ಗಾಡಿಗಳನ್ನು ಎಂಜಿನ್ನಿಗಿಂತ ಜಾಸ್ತಿ ಕೊಂದದ್ದು ಅದೇ. ಚಾಸಿ ತೂತಾಗಿದ್ದರೆ ಸುಮ್ನೆ ಕೊಟ್ಟರೂ ಬೇಡ. ಟೈಟಲ್, ಅಂದರೆ ಗಾಡಿಯ ಮಾಲೀಕತ್ವದ ಕಾಗದ, ಅಜ್ಜನ ಹೆಸರಿನಲ್ಲೇ ಇದೆಯಾ, ಅದರಲ್ಲಿರುವ ನಂಬರು ಗಾಡಿಯ ತಗಡಿನ ಮೇಲಿನ ನಂಬರಿಗೆ ತಾಳೆಯಾಗುತ್ತದಾ, ಅದನ್ನೂ ನೋಡಿ.

ಇವೆಲ್ಲ ಸರಿ ಇದ್ದರೆ ಕೊಳ್ಳಿ ಅಂತಲೇ ನನ್ನ ಸಲಹೆ. ಹದಿನೈದರ ಹುಡುಗ ಫೋನ್ ಕೆಳಗಿಟ್ಟು ಕೈ ಮಸಿ ಮಾಡಿಕೊಳ್ಳುತ್ತೇನೆ ಅನ್ನುವಾಗ ಬೇಡ ಅನ್ನಲು ನನಗಂತೂ ಮನಸ್ಸು ಬರುವುದಿಲ್ಲ.

ಬ್ರೇಕ್ ಕೆಲಸವನ್ನು ನೀವೂ ಮಗನೂ ಸೇರಿಯೇ ಮಾಡಿ. ಹಳೇ ಬ್ರೇಕ್ ಶೂಗಳಲ್ಲಿ (ಡ್ರಮ್ಮಿಗೆ ಒಳಗಿನಿಂದ ಒತ್ತಿ ಹಿಡಿಯುವ ಭಾಗ) ಶ್ವಾಸಕೋಶಕ್ಕೆ ಕೆಟ್ಟದಾದ ಆಸ್ಬೆಸ್ಟಾಸ್ ನಾರು ಇರಬಹುದು, ಹಾಗಾಗಿ ಡ್ರಮ್ ಬಿಚ್ಚಿದಾಗ ಧೂಳನ್ನು ಊದಬಾರದು, ಗಾಳಿ ಹೊಡೆಯಬಾರದು. ಬ್ರೇಕ್ ಕ್ಲೀನರ್ ಹಾಕಿ ಒದ್ದೆ ಮಾಡಿ ಒರೆಸಬೇಕು. ಜಾಕ್ ಒಂದನ್ನೇ ನಂಬಿ ಯಾರೂ ಗಾಡಿ ಕೆಳಗೆ ತೂರಬಾರದು, ಸ್ಟ್ಯಾಂಡ್ ಇಡಬೇಕು. ಹೊಸ ಪೈಪು, ಹೊಸ ವೀಲ್ ಸಿಲಿಂಡರ್, ಹೊಸ ಶೂ ಎಲ್ಲ ಕೂರಿಸಿದ ಮೇಲೆ ಪೈಪುಗಳೊಳಗಿನ ಏರ್ ತೆಗೆಯಬೇಕಲ್ಲ, ಆಗ ನೀವು ಸೀಟಿನಲ್ಲಿ ಕೂತುಕೊಳ್ಳಿ. ಮಗ ಮಾಸ್ಟರ್ ಸಿಲಿಂಡರಿಗೆ ದೂರದ ಚಕ್ರದಿಂದ, ಅಂದರೆ ಹಿಂದಿನ ಬಲಗಡೆಯಿಂದ ಶುರು ಮಾಡಲಿ. ಚಕ್ರದ ಹಿಂಬದಿಯಲ್ಲಿ ಏರ್ ಬಿಡಲೆಂದೇ ಇರುವ ನಿಪ್ಪಲ್ಲಿಗೆ ಒಂದು ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಲಿ. ನೀವು ಪೆಡಲ್ ನಿಧಾನಕ್ಕೆ ನಾಲ್ಕೈದು ಸಲ ತುಳಿದು ಒತ್ತಿ ಹಿಡಿಯಿರಿ. ಅವನು ನಿಪ್ಪಲ್ ಸಡಿಲ ಮಾಡುತ್ತಾನೆ, ಪೆಡಲ್ ಕೆಳಗಿಳಿಯುತ್ತದೆ, ಬಾಟಲಿಯಲ್ಲಿ ಗುಳ್ಳೆ ಬರುತ್ತದೆ. ಅವನು ನಿಪ್ಪಲ್ ಮತ್ತೆ ಬಿಗಿದು 'ಹೂಂ, ಬಿಡಮ್ಮ' ಅನ್ನುವವರೆಗೆ ಕಾಲು ಎತ್ತಬಾರದು, ಎತ್ತಿದರೆ ಗಾಳಿ ಮತ್ತೆ ಒಳಗೆ. ಗುಳ್ಳೆ ನಿಂತ ಮೇಲೆ ಮುಂದಿನ ಚಕ್ರ. ನಡುನಡುವೆ ಮಾಸ್ಟರ್ ಸಿಲಿಂಡರಿನ ಆಯಿಲ್ ಖಾಲಿಯಾಗದಂತೆ ನೋಡಿಕೊಳ್ಳಿ. ಬಣ್ಣದ ಮೇಲೆ ಚೆಲ್ಲಬೇಡಿ, ಬಣ್ಣ ಎದ್ದು ಬರುತ್ತದೆ. ಕೊನೆಗೆ ಪೆಡಲ್ ಕಲ್ಲಿನಂತೆ ಗಟ್ಟಿ ನಿಲ್ಲಬೇಕು. ಆದರೂ ರೋಡಿಗಿಳಿಯುವ ಮುಂಚೆ ಒಬ್ಬ ಮೆಕ್ಯಾನಿಕ್‌ಗೆ ತೋರಿಸಿ.

ಲೈಸೆನ್ಸ್ ವಿಷಯ ನಿಮಗೆ ಗೊತ್ತೇ ಇರುತ್ತದೆ. ಮಿಶಿಗನ್‌ನಲ್ಲಿ ಎರಡನೇ ಹಂತದ ಲೈಸೆನ್ಸ್, ಅಂದರೆ ಕೆಲವು ಕಟ್ಟುಪಾಡಿನೊಂದಿಗೆ ಒಬ್ಬನೇ ಓಡಿಸಬಹುದಾದದ್ದು, 16ಕ್ಕೆ. ಅದಕ್ಕೆ ಮೊದಲು ದೊಡ್ಡವರನ್ನು ಪಕ್ಕದಲ್ಲಿ ಕೂರಿಸಿಕೊಂಡು 50 ಗಂಟೆ ಓಡಿಸಿರಬೇಕು, ಅದರಲ್ಲಿ 10 ಗಂಟೆ ರಾತ್ರಿ. ಈ 50 ಗಂಟೆ ಮನೆಯ ಕಾರಿನಲ್ಲೇ ಆಗಲಿ. ಎರಡನೇ ಹಂತದಲ್ಲೂ ರಾತ್ರಿ 10ರಿಂದ ಬೆಳಗ್ಗೆ 5ರ ತನಕ ಸುಮ್ಮನೆ ತಿರುಗುವಂತಿಲ್ಲ. 21 ತುಂಬದ ಗೆಳೆಯರಲ್ಲಿ ಒಬ್ಬನನ್ನು ಮಾತ್ರ ಕೂರಿಸಿಕೊಳ್ಳಬಹುದು. ಪಿಕಪ್ಪಿನ ಉದ್ದ ಸೀಟು ನೋಡಿ ಗೆಳೆಯರು ಸಾಲು ನಿಲ್ಲುತ್ತಾರೆ, ಈಗಲೇ ಹೇಳಿಡಿ.

ಇನ್ಷೂರೆನ್ಸ್‌ನವರಿಗೆ ಫೋನ್ ಮಾಡಿ ಮೊದಲೇ ವಿಚಾರಿಸಿ. ಹಳೇ ಗಾಡಿಗಳಿಗೆಂದೇ ಇರುವ ಅಗ್ಗದ ಪಾಲಿಸಿಗಳು ಸಾಮಾನ್ಯವಾಗಿ ದಿನದ ಓಡಾಟಕ್ಕೆ, ಹೊಸ ಹುಡುಗರಿಗೆ ಅನ್ವಯಿಸುವುದಿಲ್ಲ. ಹಳೇ ಗಾಡಿಗಳಿಗೆ ಕೊಡುವ ಹಿಸ್ಟಾರಿಕ್ ನಂಬರ್ ಪ್ಲೇಟ್ ಕೂಡ ಮೆರವಣಿಗೆ, ಪ್ರದರ್ಶನಕ್ಕೆ ಇರುವುದು. ದಿನಾ ಸ್ಕೂಲಿಗೆ ಹೋಗಲು ಮಾಮೂಲಿ ಪ್ಲೇಟೇ ಬೇಕು. ಇನ್ನು ಹಿಮ ಬೀಳುವ ತಿಂಗಳುಗಳಲ್ಲಿ ಪಿಕಪ್ ಶೆಡ್ಡಿನಲ್ಲೇ ಇರಲಿ. ಹಿಂದಿನ ಚಕ್ರ ಎಳೆಯುವ ಗಾಡಿ, ಹಿಂದೆ ಭಾರವೇ ಇಲ್ಲ. ಮರಳಿನ ಮೂಟೆ ಹಾಕಿ ಓಡಿಸುವವರಿದ್ದಾರೆ ನಿಜ. ಹೊಸಬರಿಗೆ ಅದು ಬೇಡ. ಆಗ ಕೊರೊಲಾ ಇದ್ದರೆ ಒಳ್ಳೆಯದೇ, ಯಜಮಾನರಿಗೂ ಸಮಾಧಾನ.

ಪ್ರಶ್ನೆ: (ಅಮ್ಮನ ಪತ್ರದ ಕೆಳಗೆ ಮಗನ ಎರಡು ಸಾಲು) ಅಂಕಲ್, ಮೊದಲು ಪೇಂಟ್ ಮಾಡಬಹುದಾ? ಆಮೇಲೆ ವಿ8 ಎಂಜಿನ್ ಹಾಕೋಣ ಅಂತಿದ್ದೀನಿ.

ಉತ್ತರ: ಬೇಡ ಮರಿ. ಪೇಂಟ್ ಕೊನೆಗೆ. ವಿ8 ಅಂತೂ ಈಗ ಮಾತೇ ಬೇಡ, ನಿನ್ನ ಬ್ರೇಕಿಗೆ ಈಗಿರುವ ಎಂಜಿನ್ನೇ ಜಾಸ್ತಿ. ನಿನಗೆ ಬೇರೆ ಕೆಲಸ ಕೊಡುತ್ತೇನೆ. ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಸೀದಾ ಕೀ ತಿರುಗಿಸಬಾರದು. ಹಳೇ ಪೆಟ್ರೋಲ್ ಪೂರ್ತಿ ಇಳಿಸು. ಆರೂ ಸ್ಪಾರ್ಕ್ ಪ್ಲಗ್ ಬಿಚ್ಚು, ಯಾವುದು ಯಾವ ಸಿಲಿಂಡರಿನದು ಅಂತ ಗುರುತು ಹಾಕು. ಒಂದೊಂದು ತೂತಿಗೂ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ಒಂದು ದಿನ ಹಾಗೇ ಬಿಡು. ಮಾರನೇ ದಿನ ಗೇರ್ ನ್ಯೂಟ್ರಲ್‌ನಲ್ಲಿಟ್ಟು, ಕ್ರ್ಯಾಂಕಿನ (ಎಂಜಿನ್ನಿನ ತಿರುಗುವ ಮುಖ್ಯ ದಂಡ) ಮುಂದಿನ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಕೈಯಲ್ಲೇ ತಿರುಗಿಸು. ಸಲೀಸಾಗಿ ಪೂರ್ತಿ ಸುತ್ತು ಬಂದರೆ ಅದೃಷ್ಟ. ಬಿಗಿ ಅನ್ನಿಸಿದರೆ ಬಲ ಹಾಕಬೇಡ, ಇನ್ನಷ್ಟು ಆಯಿಲ್ ಬಿಟ್ಟು ಕಾಯಿ. ಆ ಬಿಚ್ಚಿದ ಪ್ಲಗ್‌ಗಳ ಬಣ್ಣ ನೋಡಿ ನನಗೆ ಬರಿ, ಮುಂದಿನ ಸಲ ಅದರ ಮೇಲೆ ಮಾತಾಡೋಣ.

ಪ್ರಶ್ನೆ: ಡಲ್ಲಾಸ್‌ನಲ್ಲಿದ್ದೇನೆ. ಮಗಳಿಗೆ ಅಂತ 1971ರ ಷೆವರ್ಲೆ ಸಿ10 ತಗೊಂಡೆವು. ಕಿಟಕಿ ಹಾಕಿದರೆ ಒಳಗೆ ಪೆಟ್ರೋಲ್ ವಾಸನೆ. ಹಳೇ ಗಾಡಿಗೆ ಇದು ಮಾಮೂಲಿ ಅಂತಾರೆ, ನಿಜವಾ?

ಉತ್ತರ: ಮಾಮೂಲಿ ಅಲ್ಲ. ನಿಮ್ಮದಕ್ಕೂ ಟ್ಯಾಂಕ್ ಸೀಟಿನ ಹಿಂದೇ ಇದೆ, 1973ರಿಂದ ಷೆವರ್ಲೆ ಅದನ್ನು ಕ್ಯಾಬಿನ್ನಿಂದ ಹೊರಗೆ ಹಾಕಿತು. ಟ್ಯಾಂಕಿಗೆ ಪೆಟ್ರೋಲ್ ಹಾಕುವ ಬಾಯಿಯ ರಬ್ಬರ್ ಹೋಸ್ ಮತ್ತು ಪೆಟ್ರೋಲ್ ಮೀಟರಿನ ಫ್ಲೋಟ್ ಕೂರುವ ಕಡೆಯ ಪ್ಯಾಕಿಂಗ್, ಇವೆರಡನ್ನು ಮೊದಲು ನೋಡಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆಸಿರುತ್ತಾರೆ, ಆ ಕಾಲದ ರಬ್ಬರ್ ಅದಕ್ಕೆ ತಡೆಯುವುದಿಲ್ಲ. ಟ್ಯಾಂಕಿನಿಂದ ಕಾರ್ಬುರೇಟರ್ ತನಕ ಇರುವ ರಬ್ಬರ್ ಹೋಸ್ ಎಲ್ಲ ಹೊಸದು ಹಾಕಿಸಿ. ಅಲ್ಲಿಯವರೆಗೆ ಮಗಳಿಗೆ ಕೀ ಕೊಡಬೇಡಿ.

ಪ್ರಶ್ನೆ: ಅರಸೀಕೆರೆಯಿಂದ ಬರೆಯುತ್ತಿದ್ದೇನೆ. ನಮ್ಮ ತಂದೆಯವರ 1972ರ ಜೀಪು ತೋಟದ ಮನೆಯಲ್ಲಿದೆ, ಹಿಂದೆ ಕಾಯಿ ತುಂಬಲು ಡಬ್ಬಿ ಮಾಡಿಸಿದ್ದರು. ತಂದೆ ಈಗಿಲ್ಲ. ಮಗನಿಗೆ 17, ತೋಟದಲ್ಲಿ ಚೆನ್ನಾಗಿ ಓಡಿಸುತ್ತಾನೆ. ಅದನ್ನೇ ರೆಡಿ ಮಾಡಿ ಕಾಲೇಜಿಗೆ ಕೊಡಬಹುದಾ?

ಉತ್ತರ: ಈ ವರ್ಷ ಸಾಧ್ಯವೇ ಇಲ್ಲ. ಭಾರತದಲ್ಲಿ ಜೀಪು, ಕಾರು ಓಡಿಸಲು 18 ತುಂಬಿರಬೇಕು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಮೇಲೆ, ಚಿಕ್ಕವರು ಓಡಿಸಿ ಸಿಕ್ಕಿಬಿದ್ದರೆ ಹೊಣೆ ಪೋಷಕರದ್ದು ಅಥವಾ ಗಾಡಿಯ ಓನರಿನದ್ದು: ಮೂರು ವರ್ಷದ ತನಕ ಜೈಲು, 25,000 ರೂಪಾಯಿ ದಂಡ, ಗಾಡಿಯ ರಿಜಿಸ್ಟ್ರೇಷನ್ 12 ತಿಂಗಳು ರದ್ದು. ಹುಡುಗ ಚೆನ್ನಾಗಿ ಓಡಿಸುತ್ತಾನೆ ಅನ್ನುವುದು ಅಲ್ಲಿ ನಡೆಯುವುದಿಲ್ಲ.

ಯಾರಾದರೂ 'ವಿಂಟೇಜ್ ಅಂತ ರಿಜಿಸ್ಟರ್ ಮಾಡಿಸಿ' ಅಂದಾರು. 2021ರ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗೆ ವಿಎ ಅಕ್ಷರದ ನಂಬರು ಕೊಡುತ್ತಾರೆ, ಹೊಸದಾಗಿ ಮಾಡಿಸಲು 20,000 ರೂಪಾಯಿ. ಆದರೆ ಅಂಥ ಗಾಡಿಯನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ. ನಿಮ್ಮದಕ್ಕೆ ಡಬ್ಬಿ ಬೇರೆ ಕೂರಿಸಿದ್ದೀರಿ. ನಿಮಗೆ ಆ ದಾರಿ ಬೇಡ, ಮಾಮೂಲಿ ಆರ್‌ಸಿಯನ್ನೇ (ಗಾಡಿಯ ನೋಂದಣಿ ಪತ್ರ) ಉಳಿಸಿಕೊಳ್ಳಿ. 15 ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೆ ರಿನೀವಲ್ ಆಗುತ್ತಾ ಬಂದಿದೆಯಾ, ಡಬ್ಬಿ ಆರ್‌ಸಿಯಲ್ಲಿ ನಮೂದಾಗಿದೆಯಾ, ಎರಡನ್ನೂ ನೋಡಿ.

ಅದಕ್ಕೂ ಮೊದಲು ಆರ್‌ಸಿ ಇನ್ನೂ ತಂದೆಯವರ ಹೆಸರಿನಲ್ಲೇ ಇದ್ದರೆ ನಿಮ್ಮ ಹೆಸರಿಗೆ ಮಾಡಿಸಬೇಕು. ಆರ್‌ಟಿಒ ಕಚೇರಿಯಲ್ಲಿ ಫಾರಂ 31 ಕೇಳಿ. ಮರಣ ಪ್ರಮಾಣಪತ್ರ, ವಾರಸುದಾರರ ಕಾಗದ ಜೊತೆಗಿರಲಿ. ಅಷ್ಟರಲ್ಲಿ ಮಗನಿಗೆ 18 ಆಗಿರುತ್ತದೆ.