ಗುಜರಿ ವಸ್ತುಗಳಿಂದ ಶಿಲ್ಪ ಮಾಡುತ್ತಿದ್ದವರು ಮರ, ಕಲ್ಲುಗಳತ್ತ ಹೊರಳಿದರೆ ಕೆಲಸದಲ್ಲಿ ಏನು ಬದಲಾಗುತ್ತದೆ?

ಗುಜರಿ ವಸ್ತುಗಳ ಶಿಲ್ಪವು ಬಹುಮಟ್ಟಿಗೆ ಕೂಡಿಸುವ ಕೆಲಸ. ಸೈಕಲ್ ಚೈನಿಗೆ ಹಲ್ಲಿನ ಚಕ್ರವೊಂದನ್ನು ಬೆಸೆದು ನೋಡಿ, ಒಪ್ಪದಿದ್ದರೆ ಕತ್ತರಿಸಿ ಬೇರೆಡೆ ಬೆಸೆಯಬಹುದು. ಮರ ಮತ್ತು ಕಲ್ಲಿನ ಕೆತ್ತನೆಯಲ್ಲಾದರೋ ಕಳೆಯುವುದೇ ಕೆಲಸವಾದ್ದರಿಂದ ಉಳಿಯ ಏಟಿಗೆ ಹಾರಿಹೋದ ಚೂರು ಮರಳಿ ಬರುವುದಿಲ್ಲ. ಆದ್ದರಿಂದಲೇ ಅನೇಕರು ಮೊದಲು ಜೇಡಿಮಣ್ಣಿನಲ್ಲಿ ಚಿಕ್ಕ ಮಾದರಿಯನ್ನು ಮಾಡಿಕೊಳ್ಳುತ್ತಾರೆ.

ಹೊಸಬರನ್ನು ಹೆಚ್ಚು ಕಾಡುವುದು ಮರ. ಹಸಿಮರ ಒಣಗುವಾಗ ಬೆಳವಣಿಗೆಯ ಉಂಗುರಗಳ ಗುಂಟ ಆಗುವ ಕುಗ್ಗುವಿಕೆಯು, ತಿರುಳಿನಿಂದ ತೊಗಟೆಯ ಕಡೆಗಿನ ಕುಗ್ಗುವಿಕೆಯ ಸುಮಾರು 2 ಪಟ್ಟು ಇರುತ್ತದೆ. ಈ ಅಸಮತೆಯಿಂದಾಗಿ ದಿಮ್ಮಿಯ ಕೊಯ್ದ ಮುಖದಲ್ಲಿ, ನಡುವಿನಿಂದ ಅಂಚಿನವರೆಗೆ ಚಕ್ರದ ಅರಗಳಂತೆ ಬಿರುಕುಗಳು ಮೂಡುತ್ತವೆ. ಅದನ್ನು ತಗ್ಗಿಸಲು ಎರಡೂ ತುದಿಗಳಿಗೆ ಮೇಣ ಬಳಿದು ನೆರಳಿನಲ್ಲಿ ನಿಧಾನವಾಗಿ ಒಣಗಿಸುತ್ತಾರೆ. ದೊಡ್ಡ ಶಿಲ್ಪವಾದರೆ ಹಿಂಬದಿಯಿಂದ ತಿರುಳನ್ನು ತೆಗೆದು ಟೊಳ್ಳು ಮಾಡುವುದೂ ಉಂಟು.

ಬ್ರಿಟನ್ನಿನ ಶಿಲ್ಪಿ ಡೇವಿಡ್ ನ್ಯಾಶ್ ಇನ್ನೂ ಮುಂದೆ ಹೋಗಿ, 1977ರಲ್ಲಿ ವೇಲ್ಸ್‌ನಲ್ಲಿ 22 ಆ್ಯಶ್ ಸಸಿಗಳನ್ನು ವೃತ್ತಾಕಾರವಾಗಿ ನೆಟ್ಟು, ಅವು ಗುಮ್ಮಟದಂತೆ ಬಾಗಿ ಬೆಳೆಯುವ ಹಾಗೆ ವರ್ಷಾನುಗಟ್ಟಲೆ ಪಳಗಿಸಿದರು. ಕೊನೆಗೆ ಆ ಮರಗಳಿಗೆ ಶಿಲೀಂಧ್ರರೋಗ ತಗುಲಿತು.

ಪರಿಸರದ ಕಾಳಜಿಯೊಂದರಿಂದಲೇ ಹೊರಳುವುದಾದರೆ ನನಗೆ ಅನುಮಾನವಿದೆ: ಗಣಿಯಿಂದ ಹೊಸದಾಗಿ ತೆಗೆದ ಕಲ್ಲಿಗಿಂತ, ಬಿದ್ದ ಮರ ಅಥವಾ ಹಳೆಯ ಕಬ್ಬಿಣವೇ ಮೇಲು. ಅಲ್ಲದೆ ಗ್ರಾನೈಟ್, ಮರಳುಗಲ್ಲುಗಳ ಧೂಳಿನಲ್ಲಿರುವ ಸಿಲಿಕಾ ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸಬಲ್ಲದಾದ್ದರಿಂದ, ಬಟ್ಟೆ ಕಟ್ಟಿಕೊಂಡರೆ ಸಾಲದು; ಸೂಕ್ಷ್ಮ ಕಣಗಳನ್ನು ತಡೆಯುವ ಮಾಸ್ಕ್ ಧರಿಸಿ, ಕಲ್ಲಿಗೆ ನೀರು ಹಾಯಿಸುತ್ತಾ ಕೊಯ್ಯಬೇಕು.